ಹನ್ನೆರಡು ಶೀಟ್, ಒಂದೇ ಹೆಸರು: ಎಕ್ಸೆಲ್‌ನಲ್ಲಿ ಮುಂದೆ ಬರಲು 9 ಸೂತ್ರಗಳು

2025ರ ಸೆಪ್ಟೆಂಬರ್ 22ರಂದು ಎಸಿ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಇಂಥ ದಿನ ಆಫೀಸಿನಲ್ಲಿ ಎರಡು ಬಗೆಯ ಜನ ಕಾಣುತ್ತಾರೆ. ಒಬ್ಬರು ತಿಂಗಳಿಗೊಂದರಂತಿರುವ ಹನ್ನೆರಡು ಶೀಟ್‌ಗಳನ್ನು ಒಂದೊಂದಾಗಿ ತೆರೆದು, ಫಾರ್ಮುಲಾ ಒಳಗೆ ಅವಿತ 28 ಅನ್ನು ಹುಡುಕಿ ಹುಡುಕಿ ತಿದ್ದುತ್ತಾರೆ. ಇನ್ನೊಬ್ಬರು ಒಂದೇ ಸೆಲ್ ತಿದ್ದಿ ಟೀಗೆ ಹೋಗುತ್ತಾರೆ, ವಾಪಸ್ ಬಂದು ನೋಡಿದರೆ ಏಪ್ರಿಲ್ ತಿಂಗಳ ಹಳೆಯ ಬಿಲ್ಲುಗಳ ತೆರಿಗೆಯೂ ಶೇ 18 ಆಗಿರುತ್ತದೆ! ನೀವು ಈ ಇಬ್ಬರಲ್ಲಿ ಯಾರೂ ಆಗಬೇಡಿ. ಸೆಲ್‌ಗಳಿಗೆ ಹೆಸರಿಟ್ಟು ಬಳಸುವ ನೇಮ್ಡ್ ರೇಂಜ್ ಕಲಿಯಿರಿ, ಸರಿಯಾಗಿ ಕಲಿಯಿರಿ. ‘ನನಗೆ ಎಕ್ಸೆಲ್ ತಲೆಗೆ ಹತ್ತಲ್ಲ’ ಅನ್ನುವುದು ಬರೀ ಅಭ್ಯಾಸಬಲ. ಅದನ್ನು ಇವತ್ತೇ ಬಿಡಿ.

1. ದರವನ್ನು ಫಾರ್ಮುಲಾ ಒಳಗೆ ಹೂಳಬೇಡಿ.
‘ಸೆಟ್ಟಿಂಗ್ಸ್’ ಎಂಬ ಪ್ರತ್ಯೇಕ ಶೀಟ್ ಮಾಡಿ. ದರ, ಡಿಸ್ಕೌಂಟ್, ಸೇಲ್ಸ್‌ಮನ್‌ಗಳ ಪಟ್ಟಿ ಎಲ್ಲ ಅಲ್ಲಿರಲಿ. ಸೆಲ್ ಆಯ್ಕೆ ಮಾಡಿ, ಫಾರ್ಮುಲಾ ಬಾರ್‌ನ ಎಡಕ್ಕಿರುವ ನೇಮ್ ಬಾಕ್ಸ್‌ನಲ್ಲಿ ಹೆಸರು ಟೈಪ್ ಮಾಡಿ, ಎಂಟರ್ ಒತ್ತಿ. ಎಂಟರ್ ಮರೆತರೆ ಹೆಸರು ಉಳಿಯುವುದಿಲ್ಲ. ಇನ್ನು ಮುಂದೆ ಯಾವ ಶೀಟ್‌ನಲ್ಲಿ ಕೂತರೂ ಆ ಹೆಸರು ಬರೆದರೆ ಸಾಕು. ಶೀಟ್ ಯಾವುದು, ಕಾಲಂ ಯಾವುದು ಎಂದು ನೆನಪಿಡುವ ಗೋಜಿಲ್ಲ.

2. ಹೆಸರಿಡುವ ನಿಯಮ ಬಾಯಿಪಾಠ ಮಾಡಿ.
ಸ್ಪೇಸ್ ಬೇಡ, ಅಂಡರ್‌ಸ್ಕೋರ್ ಹಾಕಿ. ಅಂಕಿಯಿಂದ ಶುರು ಮಾಡಬೇಡಿ. ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಿರಿ, ಫೈಲ್ ಯಾರ ಕೈಗೆ ಹೋದರೂ ಓದಲು ಬರುತ್ತದೆ. ಇಲ್ಲಿ ಹೆಸರು, ಫಾರ್ಮುಲಾಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿರುವುದು ಓದಿನ ಅನುಕೂಲಕ್ಕೆ ಮಾತ್ರ. ‘ಜಿಎಸ್‌ಟಿ18’ ಎಂದು ಹೆಸರಿಡಲು ಮಾತ್ರ ಹೋಗಬೇಡಿ. ಎಕ್ಸೆಲ್‌ನ ಕಾಲಂಗಳು ಎಕ್ಸ್‌ಎಫ್‌ಡಿವರೆಗೆ, ಅಂದರೆ 16,384 ಇವೆ. ಜಿಎಸ್‌ಟಿ ಎಂಬ ಮೂರಕ್ಷರದ ಕಾಲಂ ನಿಜಕ್ಕೂ ಅಲ್ಲಿದೆ! ಎಂಟರ್ ಒತ್ತಿದ ಕೂಡಲೇ ಕರ್ಸರ್ ಬಲಗಡೆ ಎಲ್ಲೋ ದೂರದ ಸೆಲ್‌ಗೆ ಹಾರುತ್ತದೆ, ಹೆಸರು ಹುಟ್ಟುವುದೇ ಇಲ್ಲ. ‘ಜಿಎಸ್‌ಟಿ_18’ ಎನ್ನಿ, ಮುಗಿಯಿತು.

3. ಮೊದಲು ಸ್ಕೋಪ್ ನಿರ್ಧರಿಸಿ.
ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ. ಹೆಸರಿಗೆ ಎರಡು ಬಗೆಯ ವ್ಯಾಪ್ತಿ ಇದೆ: ಇಡೀ ವರ್ಕ್‌ಬುಕ್, ಇಲ್ಲವೇ ಒಂದು ಶೀಟ್. ನೇಮ್ ಬಾಕ್ಸ್‌ನಲ್ಲಿ ಸುಮ್ಮನೆ ಟೈಪ್ ಮಾಡಿದರೆ ಅದು ವರ್ಕ್‌ಬುಕ್‌ನದ್ದಾಗುತ್ತದೆ. ಒಂದು ಶೀಟ್‌ಗೆ ಸೀಮಿತ ಮಾಡಲು ಕಂಟ್ರೋಲ್ ಎಫ್3 ಒತ್ತಿ, ನೇಮ್ ಮ್ಯಾನೇಜರ್‌ನಲ್ಲಿ ‘ನ್ಯೂ’ ಕ್ಲಿಕ್ ಮಾಡಿ, ಸ್ಕೋಪ್‌ನಲ್ಲಿ ಆ ಶೀಟ್ ಆಯ್ದುಕೊಳ್ಳಿ.
ನಿಮ್ಮನ್ನೇ ಕೇಳಿಕೊಳ್ಳಿ: ಈ ಮೌಲ್ಯ ಕಂಪನಿಗೆ ಸೇರಿದ್ದೋ, ತಿಂಗಳಿಗೆ ಸೇರಿದ್ದೋ? ದರದ ಪಟ್ಟಿ, ಸಿಬ್ಬಂದಿ ಪಟ್ಟಿ ಕಂಪನಿಯದ್ದು, ವರ್ಕ್‌ಬುಕ್ ಮಟ್ಟದಲ್ಲಿರಲಿ. ‘ಒಟ್ಟು_ಮಾರಾಟ’ ತಿಂಗಳಿನದ್ದು, ಪ್ರತಿ ಶೀಟ್‌ಗೂ ಬೇರೆ ಇರಲಿ. ಪ್ರತಿ ಊರಿಗೂ ಒಬ್ಬ ಮೇಷ್ಟ್ರು ಇದ್ದಹಾಗೆ ಇದು: ಆ ಊರಲ್ಲೇ ನಿಂತು ಮೇಷ್ಟ್ರು ಎಂದರೆ ಅಲ್ಲಿನವರೇ, ಪಕ್ಕದೂರಿನವರು ಬೇಕಾದರೆ ಊರ ಹೆಸರೂ ಸೇರಿಸಬೇಕು. ಏಪ್ರಿಲ್ ಶೀಟ್‌ನ ಒಳಗೆ ‘ಒಟ್ಟು_ಮಾರಾಟ’ ಸಾಕು. ಸಾರಾಂಶದ ಶೀಟ್‌ನಲ್ಲಿ ‘ಏಪ್ರಿಲ್!ಒಟ್ಟು_ಮಾರಾಟ’ ಎಂದು ಬರೆಯಿರಿ. ಒಂದೇ ಹೆಸರು ಎರಡೂ ಮಟ್ಟದಲ್ಲಿದ್ದರೆ ಆ ಶೀಟ್‌ನೊಳಗೆ ಗೆಲ್ಲುವುದು ಶೀಟ್‌ನ ಹೆಸರೇ. ಇನ್ನೊಂದು ಎಚ್ಚರಿಕೆ: ಒಮ್ಮೆ ಕೊಟ್ಟ ಸ್ಕೋಪ್ ಅನ್ನು ಎಡಿಟ್ ಮಾಡಲು ನೇಮ್ ಮ್ಯಾನೇಜರ್ ಬಿಡುವುದಿಲ್ಲ, ಹೆಸರನ್ನೇ ಅಳಿಸಿ ಮತ್ತೆ ಮಾಡಬೇಕು.

4. ದಿನಾಂಕದೊಂದಿಗೆ ಬದಲಾಗುವುದನ್ನು ಒಂದೇ ಸೆಲ್‌ನಲ್ಲಿ ಇಡಬೇಡಿ.
ಏಪ್ರಿಲ್ ಬಿಲ್ಲಿನ ತೆರಿಗೆ ಕೆಟ್ಟಿದ್ದು ಈ ಕಾರಣಕ್ಕೇ. ಸೆಪ್ಟೆಂಬರ್ ಶೀಟ್ ಒಂದರಲ್ಲೇ ಎರಡು ದರ ಬರುತ್ತವಲ್ಲ, ಒಂದು ಸೆಲ್ ಹೇಗೆ ಸಾಕಾದೀತು? ಸೆಟ್ಟಿಂಗ್ಸ್‌ನಲ್ಲಿ ಎರಡು ಕಾಲಂ ಮಾಡಿ. ಮೊದಲ ಸಾಲು: 2017ರ ಜುಲೈ 1, ಶೇ 28. ಎರಡನೇ ಸಾಲು: 2025ರ ಸೆಪ್ಟೆಂಬರ್ 22, ಶೇ 18. ಮೊದಲ ಕಾಲಂಗೆ ‘ದರ_ದಿನಾಂಕ’, ಎರಡನೆಯದಕ್ಕೆ ‘ದರ_ಶೇಕಡಾ’ ಎಂದು ಹೆಸರಿಡಿ. ಪ್ರತಿ ತಿಂಗಳ ಶೀಟ್‌ನಲ್ಲೂ ಒಂದೇ ಫಾರ್ಮುಲಾ ಸಾಕು: =ಲುಕಪ್(ಬಿಲ್ ದಿನಾಂಕದ ಸೆಲ್, ದರ_ದಿನಾಂಕ, ದರ_ಶೇಕಡಾ). ದಿನಾಂಕಗಳು ಹಳೆಯದರಿಂದ ಹೊಸದಕ್ಕೆ ಕ್ರಮವಾಗಿರಲಿ, ಇಲ್ಲದಿದ್ದರೆ ಲುಕಪ್ ತಪ್ಪು ದರ ತರುತ್ತದೆ. ನಾಳೆ ಸರ್ಕಾರ ಮತ್ತೆ ದರ ಬದಲಿಸಿದರೆ ಕೆಳಗೆ ಒಂದು ಸಾಲು ಸೇರಿಸಿ, ಹೆಸರುಗಳ ರೇಂಜ್‌ಗೆ ಅದೂ ಸೇರುವಂತೆ ನೋಡಿಕೊಳ್ಳಿ. ಅದು ತಾನಾಗೇ ಬರುವ ದಾರಿ ಏಳನೇ ಸೂತ್ರದಲ್ಲಿದೆ.

5. ಶೀಟ್ ಕಾಪಿ ಮಾಡುವ ಮುನ್ನ ಯೋಚಿಸಿ.
ಏಪ್ರಿಲ್ ಶೀಟ್‌ನ ಸೆಲ್‌ಗಳಿಗೆ ವರ್ಕ್‌ಬುಕ್ ಮಟ್ಟದ ಹೆಸರಿದ್ದು, ನೀವು ಆ ಶೀಟ್ ಕಾಪಿ ಮಾಡಿ ಮೇ ಮಾಡಿದರೆ, ಅದೇ ಹೆಸರಿನ ಮರಿಯೊಂದು ಮೇ ಶೀಟ್‌ಗೆ ಸೀಮಿತವಾಗಿ ಹುಟ್ಟುತ್ತದೆ. ಎಕ್ಸೆಲ್ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ದರಪಟ್ಟಿ ಏಪ್ರಿಲ್ ಶೀಟ್‌ನಲ್ಲೇ ಇದ್ದಿದ್ದರೆ ಮೇ ತಿಂಗಳು ತನ್ನದೇ ದರ ಹಿಡಿದು ಕೂರುತ್ತದೆ. ಆದ್ದರಿಂದಲೇ ಎಲ್ಲರಿಗೂ ಸೇರಿದ್ದು ಸೆಟ್ಟಿಂಗ್ಸ್‌ನಲ್ಲಿರಬೇಕು. ತಿಂಗಳ ಹೆಸರುಗಳನ್ನು ಒಂದು ಮಾದರಿ ಶೀಟ್‌ನಲ್ಲಿ ಶೀಟ್ ಮಟ್ಟದಲ್ಲೇ ಮಾಡಿಟ್ಟು, ಅದನ್ನೇ ಕಾಪಿ ಮಾಡಿ. ಆಗ ಕಾಪಿಯ ಜೊತೆ ಹೆಸರೂ ಹುಟ್ಟುವ ಇದೇ ಗುಣ ನಿಮ್ಮ ಕೆಲಸಕ್ಕೆ ಬರುತ್ತದೆ.

6. ಹನ್ನೆರಡು ಶೀಟ್ ಕೂಡಿಸಲು ಹನ್ನೆರಡು ಪ್ಲಸ್ ಹಾಕಬೇಡಿ.
ನೇಮ್ ಮ್ಯಾನೇಜರ್‌ನ ‘ರೆಫರ್ಸ್ ಟು’ ಜಾಗದಲ್ಲಿ =ಏಪ್ರಿಲ್:ಮಾರ್ಚ್!$ಬಿ$5 ಎಂದು ಕೊಟ್ಟು ‘ವರ್ಷ_ಮಾರಾಟ’ ಎಂದು ಹೆಸರಿಡಿ. ನಂತರ =ಸಮ್(ವರ್ಷ_ಮಾರಾಟ). ಪ್ರತಿ ಶೀಟ್‌ನಲ್ಲೂ ಮೊತ್ತ ಅದೇ ಸೆಲ್‌ನಲ್ಲಿರಬೇಕು ಅಷ್ಟೇ. ಸಮ್, ಆವರೇಜ್, ಮ್ಯಾಕ್ಸ್‌ಗೆ ಇದು ನಡೆಯುತ್ತದೆ. ಸಮ್‌ಇಫ್, ವಿಲುಕಪ್‌ಗೆ ನಡೆಯುವುದಿಲ್ಲ, ಅಲ್ಲಿ ಸಮಯ ಹಾಳು ಮಾಡಬೇಡಿ. ಶೀಟ್‌ಗಳ ಸಾಲನ್ನೂ ಕದಲಿಸಬೇಡಿ: ಜೂನ್ ಟ್ಯಾಬ್ ಎಳೆದು ಮಾರ್ಚ್‌ನ ಆಚೆ ಇಟ್ಟರೆ ಜೂನ್ ಮಾರಾಟ ಮೊತ್ತದಿಂದ ಸದ್ದಿಲ್ಲದೆ ಜಾರುತ್ತದೆ.

7. ಬೆಳೆಯುವ ಪಟ್ಟಿಗೆ ಟೇಬಲ್ ಕಟ್ಟಿ.
ರೇಂಜ್‌ನ ಮಧ್ಯೆ ಸಾಲು ಸೇರಿಸಿದರೆ ಹೆಸರು ಹಿಗ್ಗುತ್ತದೆ, ಕೊನೆಯ ಸಾಲಿನ ಕೆಳಗೆ ಬರೆದರೆ ಹಿಗ್ಗುವುದಿಲ್ಲ. ಕಂಟ್ರೋಲ್ ಟಿ ಒತ್ತಿ ಪಟ್ಟಿಯನ್ನು ಟೇಬಲ್ ಮಾಡಿ, ಟೇಬಲ್‌ನ ಕಾಲಂಗೆ ಹೆಸರಿಡಿ. ಹೊಸ ಸಾಲು ತಾನಾಗೇ ಸೇರಿಕೊಳ್ಳುತ್ತದೆ.
ಇದು ಸಣ್ಣ ವಿಷಯ ಅನಿಸಿತೇ? ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ದೇಶಗಳ ಸಾಲದ ಬಗ್ಗೆ ಪ್ರಕಟಿಸಿದ ಪ್ರಬಂಧ ಜಗತ್ತಿನಾದ್ಯಂತ ಚರ್ಚೆಯಾಯಿತು. ಅವರ ಎಕ್ಸೆಲ್‌ನ ಸರಾಸರಿ ಫಾರ್ಮುಲಾ 49ನೇ ಸಾಲಿನವರೆಗೆ ಹೋಗಬೇಕಿತ್ತು, 44ಕ್ಕೇ ನಿಂತಿತ್ತು. ಐದು ದೇಶಗಳು ಹೊರಗುಳಿದವು. ಪ್ರಬಂಧದಲ್ಲಿದ್ದ ಇತರ ಲೋಪಗಳ ಜೊತೆ ಇದೂ 2013ರಲ್ಲಿ ಬಯಲಾಯಿತು. ಹಿಡಿದವರು ಥಾಮಸ್ ಹರ್ನ್‌ಡನ್, ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ.

8. ಕಂಡಕಂಡದ್ದಕ್ಕೆಲ್ಲ ಹೆಸರಿಡಬೇಡಿ.
ಫೈನಾನ್ಷಿಯಲ್ ಮಾಡೆಲಿಂಗ್‌ನಲ್ಲಿ ಪ್ರಸಿದ್ಧವಾದ ಫಾಸ್ಟ್ ಸ್ಟ್ಯಾಂಡರ್ಡ್ ಎಂಬ ನಿಯಮಾವಳಿ, ಹೆಸರುಗಳನ್ನು ಬಳಸಬೇಡಿ ಎಂದೇ ಸಲಹೆ ಕೊಡುತ್ತದೆ, ಸೆಲ್‌ನಿಂದ ಸೆಲ್‌ಗೆ ಜಾಡು ಹಿಡಿಯುವುದು ಕಷ್ಟ ಎಂಬ ಕಾರಣಕ್ಕೆ. ನಾನು ಅಷ್ಟು ದೂರ ಹೋಗುವುದಿಲ್ಲ. ಎರಡಕ್ಕಿಂತ ಹೆಚ್ಚು ಶೀಟ್‌ಗಳಲ್ಲಿ ಬೇಕಾಗುವುದಕ್ಕೆ ಹೆಸರು ಕೊಡಿ. ಪಕ್ಕದ ಸೆಲ್ ಕೂಡಿಸಲು ಸೆಲ್ ವಿಳಾಸವೇ ಸಾಕು.

9. ತಿಂಗಳಿಗೊಮ್ಮೆ ಹೆಸರುಗಳ ತಪಾಸಣೆ ಮಾಡಿ.
ಯಾರೋ ಶೀಟ್ ಅಳಿಸಿದ್ದರೆ ಅದರ ಸೆಲ್‌ಗಳಿಗಿದ್ದ ವರ್ಕ್‌ಬುಕ್ ಮಟ್ಟದ ಹೆಸರುಗಳು ರೆಫ್ ಎರರ್ ಹೊತ್ತು ಹಾಗೇ ಉಳಿದಿರುತ್ತವೆ. ನೇಮ್ ಮ್ಯಾನೇಜರ್‌ನ ಫಿಲ್ಟರ್‌ನಲ್ಲಿ ಎರರ್ ಇರುವ ಹೆಸರುಗಳನ್ನು ಮಾತ್ರ ತೋರಿಸಿ, ಬಳಕೆಯಲ್ಲಿಲ್ಲದವನ್ನು ಅಳಿಸಿ. ಖಾಲಿ ಶೀಟ್‌ನಲ್ಲಿ ಎಫ್3 ಒತ್ತಿ ‘ಪೇಸ್ಟ್ ಲಿಸ್ಟ್’ ಕೊಟ್ಟರೆ ವರ್ಕ್‌ಬುಕ್ ಮಟ್ಟದ ಹೆಸರು ಮತ್ತು ವಿಳಾಸದ ಪಟ್ಟಿ ಬರುತ್ತದೆ. ಫೈಲ್ ಬೇರೆಯವರಿಗೆ ಒಪ್ಪಿಸುವಾಗ ಆ ಪಟ್ಟಿಯನ್ನೂ ಜೊತೆಗಿಡಿ. ಪ್ರಮೋಷನ್ ಹೊತ್ತಿನಲ್ಲಿ ಇಂಥ ಫೈಲ್ ನಿಮ್ಮ ಪರ ಮಾತಾಡುತ್ತದೆ. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲೂ ಹೆಸರುಗಳ ಪಟ್ಟಿ ತೆರೆಯುವ ಕೀ ಕಂಟ್ರೋಲ್ ಎಫ್3. ಗೂಗಲ್ ಶೀಟ್ಸ್‌ನಲ್ಲಾದರೆ ಡೇಟಾ ಮೆನುವಿಗೆ ಹೋಗಿ. ಈಗ ನಿಮ್ಮ ಅತಿ ದೊಡ್ಡ ಫೈಲ್ ತೆರೆಯಿರಿ, ಅದರಲ್ಲಿ ಎಷ್ಟು ಹೆಸರುಗಳು ಸತ್ತು ಬಿದ್ದಿವೆ ನೋಡಿ, ಕೆಲಸ ಅಲ್ಲಿಂದಲೇ ಶುರು ಮಾಡಿ.