ಬಾಣಂತಿಯ ಊಟ ಮತ್ತು ತವರಿನ ದಾರಿ

ಗರ್ಭಿಣಿ ಹಾಗೂ ಬಾಣಂತಿಯರಿಗೆ ಅಂಗನವಾಡಿಯಲ್ಲಿಯೇ ಮಧ್ಯಾಹ್ನದ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆಯು 2017ರ ಅಕ್ಟೋಬರ್ 2ರಂದು ರಾಜ್ಯಾದ್ಯಂತ ಜಾರಿಗೆ ಬಂದಿತು. ಅದಕ್ಕೂ ಮೊದಲು ಮನೆಗೆ ಕೊಡುತ್ತಿದ್ದ ಆಹಾರ ಪದಾರ್ಥಗಳು ಇಡೀ ಕುಟುಂಬದ ಪಾಲಾಗುತ್ತಿದ್ದವು. ಕೇಂದ್ರದಲ್ಲಿ ಕುಳಿತು ಉಂಡರೆ ಅನ್ನ, ಸಾಂಬಾರು, ಮೊಟ್ಟೆ, ಹಾಲು ಆಕೆಗೇ ಸಲ್ಲುತ್ತವೆ ಎಂಬುದು ಆಶಯ.

ಆಶಯ ಸರಿಯಾದುದೇ. ಆದರೆ ಹೆರಿಗೆಯ ನಂತರ ಕಿವಿಗೆ ಹತ್ತಿಯಿಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡು, ಹೊಸಿಲು ದಾಟದೆ ಇರುವ ತಾಯಿ ಕೂಸನ್ನೆತ್ತಿಕೊಂಡು ಅಂಗನವಾಡಿಗೆ ಬರುವುದು ಕಷ್ಟ; ಬರಲಿಲ್ಲವೆಂದು ಗದರಿಸುವುದೂ ತರವಲ್ಲ. ಹಾಲೂಡಿಸುವ ಮೊದಲ ಆರು ತಿಂಗಳು ಆಕೆಗೆ ಗರ್ಭಿಣಿಗಿಂತಲೂ ಹೆಚ್ಚು ಆಹಾರ ಬೇಕು. ಪಥ್ಯದ ಹೆಸರಿನಲ್ಲಿ ಸೊಪ್ಪು, ತರಕಾರಿ, ಕೊನೆಗೆ ನೀರನ್ನೂ ಕಡಿಮೆ ಮಾಡುವ ಮನೆಗಳಿವೆ.

ಬೆಂಗಳೂರು ದಕ್ಷಿಣ ತಾಲ್ಲೂಕಿನ ಗ್ರಾಮಗಳಿಗೆ ಇನ್ನೊಂದು ತೊಡಕುಂಟು. ಚೊಚ್ಚಲ ಹೆರಿಗೆಗೆ ತವರಿಗೆ ಹೋದವಳ ಹೆಸರು ಇಲ್ಲಿಯ ಪಟ್ಟಿಯಲ್ಲಿಯೇ ಉಳಿದು, ಅಲ್ಲಿಯ ಅಂಗನವಾಡಿಗೆ ಅವಳು ಅಪರಿಚಿತಳಾಗುತ್ತಾಳೆ. ಹೆರಿಗೆ ಜಯನಗರದ ಆಸ್ಪತ್ರೆಯಲ್ಲಾದರೆ ಜನನ ನೋಂದಣಿಯೂ ಅಲ್ಲಿಯದೇ. ಮಾತೃವಂದನಾ ಯೋಜನೆಯ 5,000 ರೂಪಾಯಿಯ ಕೊನೆಯ ಕಂತು ಆ ನೋಂದಣಿಯನ್ನೂ ಮಗುವಿನ ಮೊದಲ ಸುತ್ತಿನ ಲಸಿಕೆಗಳನ್ನೂ ಅವಲಂಬಿಸಿದೆ.

ಆದ್ದರಿಂದ ಸದಸ್ಯರು ಏಳನೆಯ ತಿಂಗಳಿನಲ್ಲಿಯೇ ಆಶಾ ಕಾರ್ಯಕರ್ತೆಯೊಡನೆ ಮನೆಗೆ ತೆರಳಿ, ತಾಯಿ ಕಾರ್ಡನ್ನು ಜೊತೆಗೆ ಕೊಂಡೊಯ್ಯುವಂತೆ ತಿಳಿಸಿ, ತವರೂರಿನ ಅಂಗನವಾಡಿಗೆ ಮುಂಚಿತವಾಗಿ ಸುದ್ದಿ ಮುಟ್ಟಿಸುವುದು ಅಗತ್ಯ. ಆ ಮಾತುಕತೆಯಲ್ಲಿ ಗರ್ಭಿಣಿಯ ತಾಯಿಯೂ ಅತ್ತೆಯೂ ಕುಳಿತಿರಲಿ. ಪಥ್ಯ ನಿಶ್ಚಯಿಸುವವರು ಅವರೇ.