ಆ ಒಂದು ಮತದ ಲೆಕ್ಕ

ಸಂತೇಮರಹಳ್ಳಿ ಕಡೆಯವನು ಎಂದು ಹೇಳಿಕೊಂಡರೆ ಸಾಕು, ಹೊರಗಿನವರು ಕೇಳುವುದು ಒಂದೇ: ‘ಒಂದು ವೋಟಲ್ಲಿ ಸೋತರಲ್ಲ, ಅದು ನಿಮ್ಮ ಕಡೇನೇ ಅಲ್ವಾ?’ ಹೌದು, ನಮ್ಮ ಕಡೆಯೇ. 2004ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ನಾನು ಆ ಕ್ಷೇತ್ರದ ಮತದಾರ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವನು. ಚುನಾವಣೆ ಬಂತೆಂದರೆ ಊಟ ತಿಂಡಿ ಬಿಟ್ಟು ಡ್ಯೂಟಿಗೆ ಓಡುತ್ತಿದ್ದ ಸರ್ಕಾರಿ ನೌಕರ. ಈಗ ನಿವೃತ್ತನಾಗಿದ್ದೇನೆ, ಆ ಲೆಕ್ಕವನ್ನು ನಿಧಾನವಾಗಿ ಬಿಡಿಸಿ ಹೇಳುವಷ್ಟು ಪುರುಸೊತ್ತು ಇದೆ.

ಸ್ಪರ್ಧಿಗಳಿಬ್ಬರೂ ಸಾಮಾನ್ಯರಲ್ಲ. ಕೃಷ್ಣಮೂರ್ತಿಯವರು ಬಿ. ರಾಚಯ್ಯನವರ ಮಗ. ರಾಚಯ್ಯನವರೆಂದರೆ ಮಂತ್ರಿಯಾಗಿ, ಕೇರಳದ ರಾಜ್ಯಪಾಲರಾಗಿ ಹೆಸರು ಮಾಡಿದವರು, ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಅವರ ಮಾತು ತೆಗೆದರೆ ಹಿರಿಯರು ಎದ್ದು ಕೂರುತ್ತಾರೆ. ಧ್ರುವನಾರಾಯಣ ಅವರು ಕೃಷಿ ವಿಜ್ಞಾನ ಓದಿದವರು, ಆಗಿನ್ನೂ ಶಾಸಕರಾಗಿರಲಿಲ್ಲ. ಅವರ ಶಾಸಕಗಿರಿ ಶುರುವಾದದ್ದೇ ಆ ಒಂದು ಮತದಿಂದ.

ಮೇ 13ರಂದು ಫಲಿತಾಂಶ ಬಂತು. ಅದಾದ ಮೇಲೆ ಯಳಂದೂರಿನ ಟೀ ಅಂಗಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ. ಮಗಳ ಬಾಣಂತನಕ್ಕೆ ಮೈಸೂರಿಗೆ ಹೋಗಿದ್ದವರು, ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದ ಹುಡುಗರು, ‘ಯಾರು ಬಂದ್ರೂ ಅಷ್ಟೆಯಾ’ ಎಂದು ಜಗಲಿ ಮೇಲೆ ಮಲಗಿದ್ದವರು, ಎಲ್ಲರೂ ಆ ಒಂದು ಮತ ತಮ್ಮದೇ ಎಂದು ನಂಬಿಬಿಟ್ಟರು. ‘ನಾನೊಬ್ಬ ಹೋಗಿ ಒತ್ಬುಟ್ಟಿದ್ರೆ ಗೆದ್ಬುಡೋರು ಕನಾ ಮೇಷ್ಟ್ರೇ’ ಎಂದು ಸಂಕಟಪಟ್ಟವರು ಎಷ್ಟು ಜನ! ಅವರೆಲ್ಲ ನಿಜವಾಗಿ ಹೋಗಿ ಒತ್ತಿದ್ದರೆ ಅಂತರ ಎಲ್ಲಿಗೆ ಹೋಗುತ್ತಿತ್ತೋ, ಅದೂ ಯಾವ ಕಡೆಗೋ!

ನಾನು ಅವರಿಗೆ ಹೇಳುತ್ತಿದ್ದದ್ದು ಇಷ್ಟೇ: ಇನ್ನೊಂದು ಮತ ಬಿದ್ದಿದ್ದರೆ ಕೃಷ್ಣಮೂರ್ತಿ ಗೆಲ್ಲುತ್ತಿರಲಿಲ್ಲ. 40,752ಕ್ಕೆ 40,752, ಸಮ ಆಗುತ್ತಿತ್ತು. ಸಮ ಆದರೆ ಏನು ಮಾಡಬೇಕೆಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 65ನೇ ಸೆಕ್ಷನ್ ಹೇಳುತ್ತದೆ: ಚುನಾವಣಾಧಿಕಾರಿ ಅಲ್ಲೇ ಚೀಟಿ ಎತ್ತಬೇಕು, ಚೀಟಿ ಯಾರ ಹೆಸರಿಗೆ ಬಂತೋ ಅವರಿಗೆ ಒಂದು ಮತ ಹೆಚ್ಚು ಬಂದಂತೆ ಲೆಕ್ಕ. ಎಂಬತ್ತೊಂದು ಸಾವಿರಕ್ಕೂ ಹೆಚ್ಚು ಜನ ಬಿಸಿಲಲ್ಲಿ ಸಾಲು ನಿಂತು ಇಬ್ಬರಿಗೆ ಹಾಕಿದ ಮತವನ್ನೆಲ್ಲ ಕೊನೆಗೆ ಮಡಚಿದ ಚೀಟಿಯೊಂದು ತೀರ್ಮಾನಿಸುತ್ತಿತ್ತು. ನೇರವಾಗಿ ಗೆಲ್ಲಲು ಎರಡು ಮತ ಬೇಕಿತ್ತು. ಈ ಸಣ್ಣ ಕೂಡುವ ಲೆಕ್ಕವನ್ನು ಪತ್ರಿಕೆಗಳೂ ಸರಿಯಾಗಿ ಹೇಳಿದ್ದು ಕಡಿಮೆ. ನನ್ನ ಮಾತು ಕೇಳಿದ ಒಬ್ಬ ರೈತರು, ‘ಹಂಗಾರೆ ನನ್ ಹೆಂಡ್ತೀನೂ ಕರ್ಕೊಂಡೋಗ್ಬೇಕಿತ್ತು ಬುಡಿ’ ಅಂದರು. ಅವರ ಉತ್ತರ ನನ್ನ ವಿವರಣೆಗಿಂತ ಚುರುಕಾಗಿತ್ತು.

ಆಮೇಲೆ ಡ್ರೈವರ್ ಕಥೆ. ಕೃಷ್ಣಮೂರ್ತಿಯವರ ಕಾರು ಓಡಿಸುತ್ತಿದ್ದವರಿಗೆ ಅಂದು ಮತ ಹಾಕಲು ಬಿಡುವೇ ಸಿಗಲಿಲ್ಲ ಎಂದು ಸುದ್ದಿಯಾಯಿತು. ಭಾಷಣಕಾರರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಗಬೇಕು? ಮತದಾನ ಜಾಗೃತಿ ಎಂದು ಎಲ್ಲೇ ಸಭೆಯಾಗಲಿ ಈ ಕಥೆ ಬರುತ್ತದೆ, ಜನ ನಗುತ್ತಾರೆ. ನನಗೆ ಅದರಲ್ಲಿ ನಗು ಬರುವುದಿಲ್ಲ. ಚುನಾವಣೆಯ ದಿನ ಇನ್ನೊಬ್ಬರ ಕೆಲಸದಲ್ಲಿ ಸಿಕ್ಕಿಹಾಕಿಕೊಂಡವನು ಆ ಒಬ್ಬ ಡ್ರೈವರ್ ಮಾತ್ರವೇ? ಅಭ್ಯರ್ಥಿಯ ಜೀಪಿನ ಚಾಲಕ, ಕಾರ್ಯಕರ್ತರಿಗೆ ಚಿತ್ರಾನ್ನ ಕಲಸುವವರು, ಕ್ವಾರಿಯಲ್ಲಿ ಕಲ್ಲು ಒಡೆಯುವವರು, ಬಸ್ಸಿನ ಕಂಡಕ್ಟರ್, ಬಂದೋಬಸ್ತಿನ ಹೋಂಗಾರ್ಡ್. ಮತದಾನದ ದಿನ ದುಡಿಯುವವರಿಗೆ ಸಂಬಳ ಸಹಿತ ರಜೆ ಕೊಡಬೇಕೆಂದು ಅದೇ ಕಾಯ್ದೆಯ 135ಬಿ ಸೆಕ್ಷನ್ ಹೇಳುತ್ತದೆ. ಕೂಲಿಯವನು ಆ ಸೆಕ್ಷನ್ ಹಿಡಿದುಕೊಂಡು ಯಾರ ಮನೆ ಬಾಗಿಲಿಗೆ ಹೋಗಬೇಕು?

ನಾನೂ ಒಂದು ಲೆಕ್ಕದಲ್ಲಿ ಅದೇ ಗುಂಪಿನವನೇ. ಆ ವರ್ಷ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಚುನಾವಣೆ. ನನ್ನ ಮತ ಇದ್ದದ್ದು ಸಂತೇಮರಹಳ್ಳಿಯಲ್ಲಿ, ಡ್ಯೂಟಿ ಬಿದ್ದದ್ದು ಹನೂರು ಕ್ಷೇತ್ರದ ಕಾಡಂಚಿನ ಶಾಲೆಯೊಂದರಲ್ಲಿ, ಮತಗಟ್ಟೆಯ ಅಧ್ಯಕ್ಷಾಧಿಕಾರಿ, ಅಂದರೆ ಪಿಆರ್‌ಒ ಆಗಿ. ಎರಡೂ ಚಾಮರಾಜನಗರ ಲೋಕಸಭಾ ಕ್ಷೇತ್ರದೊಳಗೇ ಇದ್ದುದರಿಂದ ಇಡಿಸಿ, ಅಂದರೆ ಚುನಾವಣಾ ಕರ್ತವ್ಯದ ಪ್ರಮಾಣಪತ್ರ, ತೋರಿಸಿ ಲೋಕಸಭೆಯ ಮತವನ್ನು ನಾನು ಕೂತ ಬೂತಿನಲ್ಲೇ ಹಾಕಬಹುದಿತ್ತು. ವಿಧಾನಸಭೆಯ ಮತ ಹಾಗಲ್ಲ, ಅಂಚೆಯಲ್ಲೇ ಹೋಗಬೇಕಿತ್ತು. ನಮೂನೆ 12ರಲ್ಲಿ ಅರ್ಜಿ, ಆಮೇಲೆ ಬರುವ ಮತಪತ್ರ, ಗೆಜೆಟೆಡ್ ಅಧಿಕಾರಿಯ ಸಹಿ ಬಿದ್ದ ಘೋಷಣೆ, ಮತಪತ್ರಕ್ಕೆ ಒಂದು ಕವರು, ಆ ಕವರನ್ನೂ ಘೋಷಣೆಯನ್ನೂ ಹಾಕಲು ಇನ್ನೊಂದು ಕವರು. ಘೋಷಣೆಯಲ್ಲಿ ಸಹಿ ತಪ್ಪಿದರೆ ಒಳಗಿನ ಕವರನ್ನು ಬಿಚ್ಚುವುದೇ ಇಲ್ಲ. ಎಣಿಕೆ ಶುರುವಾಗುವ ಗಳಿಗೆಗೆ ಮುಂಚೆ ಮುಟ್ಟದಿದ್ದರೆ ಅದೂ ಲೆಕ್ಕಕ್ಕಿಲ್ಲ. ನಾನು ಎಲ್ಲ ಸರಿಯಾಗಿ ಮಾಡಿ ಕಳುಹಿಸಿದೆ. ಹೋಗಿ ಮುಟ್ಟಿತೋ ಇಲ್ಲವೋ ಎಂದು ಯಾರೂ ಹೇಳುವುದಿಲ್ಲ, ಕೇಳುವ ದಾರಿಯೂ ಇಲ್ಲ. ಆ 40,752ರಲ್ಲಿ ನಾನಿದ್ದೇನೋ, 40,751ರಲ್ಲಿದ್ದೇನೋ, ತಿರಸ್ಕೃತ ಕಟ್ಟಿನಲ್ಲಿದ್ದೇನೋ, ದೇವರೇ ಬಲ್ಲ.

ಅಂತರ ಇಷ್ಟು ಸಣ್ಣದಾದಾಗ ಎಲ್ಲರೂ ಯಂತ್ರದ ಮೇಲೆ ಕಣ್ಣಿಡುತ್ತಾರೆ. ಆದರೆ ಮತಯಂತ್ರದ ರಿಸಲ್ಟ್ ಗುಂಡಿಯನ್ನು ಎಷ್ಟು ಸಲ ಒತ್ತಿದರೂ ಅದು ತೋರಿಸುವುದು ಅದೇ ಸಂಖ್ಯೆ. ತಕರಾರಿಗೆ ಜಾಗ ಇರುವುದು ಕಾಗದದಲ್ಲಿ, ಅಂದರೆ ನಮ್ಮಂಥ ನೌಕರರ ಅಂಚೆ ಮತಗಳಲ್ಲಿ. ಅವನ್ನು ಸರಿ, ತಪ್ಪು ಎಂದು ಬೇರೆ ಮಾಡುವ ಮೇಜೇ ಎಣಿಕೆ ಕೇಂದ್ರದಲ್ಲಿ ಎಲ್ಲಕ್ಕಿಂತ ನಾಜೂಕಿನ ಜಾಗ. ಡ್ಯೂಟಿಗೆ ಹೊರಟ ಕಿರಿಯ ಮೇಷ್ಟ್ರುಗಳಿಗೆ ನಾನು ಆಮೇಲೆ ಒತ್ತಿ ಹೇಳುತ್ತಿದ್ದದ್ದು ಇದನ್ನೇ: ಬೇರೆಯವರ ಮತ ಹಾಕಿಸಲು ಹೊರಟಿದ್ದೀರಿ, ಮೊದಲು ನಿಮ್ಮ ನಮೂನೆ 12 ಕೊಡಿ, ಗೆಜೆಟೆಡ್ ಸಹಿಯನ್ನು ಕೊನೇ ದಿನಕ್ಕೆ ಇಟ್ಟುಕೊಳ್ಳಬೇಡಿ.

ಬೂತಿನೊಳಗಿನ ಇನ್ನೊಂದು ಸಂಗತಿ ಇದೆ, ಅದು ಯಾವ ಅಂಕಿಅಂಶದಲ್ಲೂ ಬರುವುದಿಲ್ಲ. ಅಂದು ಪ್ರತಿ ಬೂತಿನಲ್ಲಿ ಎರಡೆರಡು ಯಂತ್ರ. ಲೋಕಸಭೆಯದಕ್ಕೆ ಬಿಳಿ ಮತಪತ್ರ, ವಿಧಾನಸಭೆಯದಕ್ಕೆ ಗುಲಾಬಿ. ಯಂತ್ರದಲ್ಲಿ ಒತ್ತುವುದೇ ಬಹಳ ಜನರಿಗೆ ಹೊಸದು, ಅದರಲ್ಲೂ ಎರಡು! ವಯಸ್ಸಾದ ಒಬ್ಬರು ಮೊದಲನೆಯದನ್ನು ಒತ್ತಿ, ಪೀಂ ಎಂದ ಕೂಡಲೇ ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ಹೊರಟೇಬಿಟ್ಟರು. ‘ಅವ್ವಾ, ಇನ್ನೊಂದು ಅದೆ’ ಎಂದು ನಾನು ಕೂಗಿದೆ. ‘ಒತ್ತುದ್ನಲ್ಲಪ್ಪ, ಕೂಗ್ತಲ್ಲ!’ ‘ಅದು ಡೆಲ್ಲಿಗೆ ಹೋಯ್ತದೆ ಕನವ್ವಾ, ಬೆಂಗಳೂರಿನದು ಇಲ್ಲದೆ.’ ಪಕ್ಷಗಳ ಏಜೆಂಟರೆಲ್ಲ ಗೊಳ್ಳೆಂದು ನಕ್ಕರು. ಅವ್ವ ಮಾತ್ರ ಗಂಭೀರವಾಗಿ ವಾಪಸ್ ಬಂದು, ಗುಲಾಬಿ ಕಾಗದದ ಮುಂದೆ ಬಹಳ ಹೊತ್ತು ನಿಂತು ಒತ್ತಿದರು. ಹೀಗೆ ಕೂಗಿ ಕರೆಯುವವರು ಇಲ್ಲದ ಬೂತಿನಲ್ಲಿ ಮತದಾರರು ಹೋಗಿಬಿಟ್ಟರೆ ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಇರುತ್ತದೆ, ಯಂತ್ರದಲ್ಲಿ ಮತ ಇರುವುದಿಲ್ಲ. ಸಂಜೆ 17ಎ ರಿಜಿಸ್ಟರಿಗೂ ಯಂತ್ರದ ಟೋಟಲ್‌ಗೂ ತಾಳೆ ಬಾರದೆ ಪಿಆರ್‌ಒ ತಲೆ ಕೆರೆದುಕೊಳ್ಳುವುದು ಬೇರೆ. ನಮ್ಮ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಅಂಥ ಎಷ್ಟು ಅವ್ವಂದಿರು ಬಾಗಿಲು ದಾಟಿದರೋ? ಅದನ್ನು ಬಿಟ್ಟು ಜನ ಡ್ರೈವರನನ್ನು ಹಿಡಿದುಕೊಂಡರು.

ಧ್ರುವನಾರಾಯಣ ಅವರನ್ನು ‘ಒಂದು ವೋಟಿನ ಶಾಸಕ’ ಎಂದು ಕರೆದು ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಆ ಮತ ಅವರಿಗೆ ಬಾಗಿಲು ತೆಗೆಯಿತು, ಅಷ್ಟೇ. ಮುಂದೆ ನಡೆದದ್ದು ಅವರ ಕಾಲಿನ ಬಲದಿಂದ. ಕ್ಷೇತ್ರ ಮರುವಿಂಗಡಣೆಯಲ್ಲಿ ಸಂತೇಮರಹಳ್ಳಿ ಎಂಬ ಕ್ಷೇತ್ರವೇ ಇಲ್ಲವಾಯಿತು. 2008ರಿಂದ ಯಳಂದೂರೂ ಸಂತೇಮರಹಳ್ಳಿಯೂ ಕೊಳ್ಳೇಗಾಲಕ್ಕೆ ಸೇರಿದವು. ಗೆದ್ದ ಕ್ಷೇತ್ರ ಕೈತಪ್ಪಿದರೆ ಎಷ್ಟೋ ಶಾಸಕರ ರಾಜಕೀಯ ಅಲ್ಲಿಗೇ ಮುಗಿಯುತ್ತದೆ, ಹೊಸ ಹಳ್ಳಿಗಳಲ್ಲಿ ಮುಖ ಪರಿಚಯವಿರುವುದಿಲ್ಲ, ಹಳೇ ಹಳ್ಳಿಗಳಲ್ಲಿ ಹಳೇ ಮುನಿಸು ಇರುತ್ತದೆ. ಅವರು ಕೊಳ್ಳೇಗಾಲದಲ್ಲೂ ಗೆದ್ದರು. ಮರುವರ್ಷವೇ ಲೋಕಸಭೆಗೆ ನಿಂತರು, ಎದುರಿಗೆ ಮತ್ತೆ ಅದೇ ಕೃಷ್ಣಮೂರ್ತಿ, ಈ ಸಲ ಬಿಜೆಪಿಯಿಂದ. ಅಂತರ 4,002. ಲೋಕಸಭಾ ಕ್ಷೇತ್ರಕ್ಕೆ ಅದೇನು ದೊಡ್ಡ ಅಂತರವಲ್ಲ, ಆದರೆ ಒಂದನ್ನು ಕಂಡವರಿಗೆ ಅದೇ ಸಮುದ್ರ. ಅವರು ಬಿಟ್ಟುಹೋದ ಕೊಳ್ಳೇಗಾಲಕ್ಕೆ ಉಪಚುನಾವಣೆ ಬಂದು ನಮಗೆಲ್ಲ ಇನ್ನೊಂದು ಡ್ಯೂಟಿ! 2014ರಲ್ಲಿ ಮೂರನೇ ಸಲ ಅದೇ ಜೋಡಿ ಎದುರುಬದುರಾದಾಗ ಅಂತರ 1,41,182.

ಒಬ್ಬ ಮನುಷ್ಯ ಅದೇ ಎದುರಾಳಿಯ ಮೇಲೆ ಒಂದರಿಂದ ಲಕ್ಷ ದಾಟಿದ್ದು ಹೇಗೆ? ಅಲೆ, ಜಾತಿ, ಪಕ್ಷ ಎಂದು ವಿಶ್ಲೇಷಕರು ಏನೇ ಹೇಳಲಿ, ಹಳ್ಳಿಯವರ ವಿವರಣೆ ಸರಳ: ‘ಸಿಕ್ತಾರೆ ಕನಾ.’ ಶಾಸಕರ ಬಗ್ಗೆ ನಮ್ಮ ಕಡೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ರಸ್ತೆ ಮಾಡಿಸಿದರೂ ಸಿಗದವನನ್ನು ಜನ ಕ್ಷಮಿಸುವುದಿಲ್ಲ. ಒಂದೇ ಮತದಲ್ಲಿ ಗೆದ್ದವನಿಗೆ ಯಾವ ಮನೆಯನ್ನೂ ಬಿಡುವ ಧೈರ್ಯ ಇರುವುದಿಲ್ಲ ಎಂದು ನನ್ನ ಅಂದಾಜು. ಭಾರೀ ಅಂತರದಲ್ಲಿ ಗೆದ್ದವರು ಬೆಂಗಳೂರಿನಲ್ಲೇ ಉಳಿದುಬಿಡುವುದನ್ನು ಬೇಕಾದಷ್ಟು ನೋಡಿದ್ದೇನೆ.

ಆದರೂ 2019ರಲ್ಲಿ ಅವರು ಸೋತರು. ವಿ. ಶ್ರೀನಿವಾಸ ಪ್ರಸಾದ್ ಅವರ ಎದುರು, 1,817 ಮತಗಳಲ್ಲಿ. ಸಣ್ಣ ಅಂತರದ ಎರಡೂ ಮುಖವನ್ನು ಇಷ್ಟು ಹತ್ತಿರದಿಂದ ಕಂಡ ರಾಜಕಾರಣಿ ಕರ್ನಾಟಕದಲ್ಲಿ ಇನ್ನೊಬ್ಬರು ನನಗೆ ನೆನಪಾಗುವುದಿಲ್ಲ. ಮತ್ತೆ ವಿಧಾನಸಭೆಗೆ ಬರುವ ತಯಾರಿಯಲ್ಲಿದ್ದರು, 2023ರ ಮಾರ್ಚ್ 11ರಂದು ಮೈಸೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಎರಡೇ ತಿಂಗಳಲ್ಲಿ ಮಗ ದರ್ಶನ್ ನಂಜನಗೂಡಿನಲ್ಲಿ ಗೆದ್ದರು. ಸೋತವರು ಬಿ. ಹರ್ಷವರ್ಧನ್, ಶ್ರೀನಿವಾಸ ಪ್ರಸಾದ್ ಅವರ ಅಳಿಯ.

ಕೃಷ್ಣಮೂರ್ತಿಯವರ ತಾಳ್ಮೆಯನ್ನೂ ಹೇಳಬೇಕು, ಗೆದ್ದವರನ್ನೇ ಹೊಗಳುವುದು ಸುಲಭ. 2004ರಲ್ಲಿ ಕೂದಲೆಳೆಯಲ್ಲಿ ಸೋತ ಮನುಷ್ಯ 2009, 2014 ಎಂದು ಸೋಲುತ್ತಲೇ ನಿಂತರು. ಪಕ್ಷ ಬದಲಾಯಿಸಿ ಕೊನೆಗೆ ಕಾಂಗ್ರೆಸ್ಸಿಗೇ ಬಂದರು, ಅಂದರೆ ತಮ್ಮ ಹಳೇ ಎದುರಾಳಿಯ ಮನೆಗೇ. 2018ರಲ್ಲಿ ಕೊಳ್ಳೇಗಾಲದಲ್ಲಿ ಬಿಎಸ್‌ಪಿಯ ಎನ್. ಮಹೇಶ್ ಎದುರು ಮತ್ತೆ ಸೋಲು. 2023ರಲ್ಲಿ ಅದೇ ಮಹೇಶ್, ಈಗ ಬಿಜೆಪಿ ಅಭ್ಯರ್ಥಿ, ಕೃಷ್ಣಮೂರ್ತಿಯವರ ಮುಂದೆ ಐವತ್ತೊಂಬತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಒಂದು ಮತಕ್ಕೆ ಹತ್ತೊಂಬತ್ತು ವರ್ಷದ ಬಡ್ಡಿ ಸೇರಿಸಿ ಕೊಟ್ಟರು ಎಂದು ನಮ್ಮ ಟೀ ಅಂಗಡಿಯಲ್ಲಿ ತಮಾಷೆ. ಆ ಸಲ ‘ನಾನೊಬ್ಬ ಒತ್ತಿದ್ರೆ’ ಎಂದು ಯಾರೂ ಕೊರಗಲಿಲ್ಲ, ಮತ ಹಾಕದವರು ನಿಶ್ಚಿಂತೆಯಿಂದ ಇದ್ದರು.

ಅದೇ ಚುನಾವಣೆಯಲ್ಲಿ ಎಂಬತ್ತು ದಾಟಿದವರು ಅರ್ಜಿ ಕೊಟ್ಟರೆ ಮನೆಯಲ್ಲೇ ಮತ ಹಾಕುವ ಅವಕಾಶ ಬಂದಿತ್ತು. ನಮ್ಮ ದೊಡ್ಡವ್ವನಿಗೆ 12ಡಿ ನಮೂನೆ ನಾನೇ ತುಂಬಿಸಿದೆ. ಹೇಳಿದ ದಿನ ಜೀಪಿನಲ್ಲಿ ಬಂದರು: ಅಧಿಕಾರಿಗಳು, ಪೊಲೀಸ್, ವಿಡಿಯೋ ಹುಡುಗ, ಹಿಂದೆಯೇ ಬೈಕಿನಲ್ಲಿ ಪಕ್ಷಗಳ ಏಜೆಂಟರು. ಹಜಾರದ ಮೂಲೆಯಲ್ಲಿ ರಟ್ಟಿನ ಮರೆ ನಿಲ್ಲಿಸಿದರು. ದೊಡ್ಡವ್ವ ಮತಪತ್ರಕ್ಕೆ ಗುರುತು ಹಾಕಿ, ಕವರಿಗೆ ಹಾಕಿ, ಅಂಟಿಸಿ ಹೊರಗೆ ಬಂದು ಎಲ್ಲರನ್ನೂ ಎಣಿಸಿದಳು. ‘ಟೀ ಇಡ್ಲಾ?’ ಎಂದು ಕೇಳಿದಳು. ಏನೂ ತೆಗೆದುಕೊಳ್ಳುವಂತಿಲ್ಲ ಅಜ್ಜಿ, ರೂಲ್ಸು ಎಂದರು ಅಧಿಕಾರಿ. ‘ಮನೆಗೆ ಬಂದೋರು ನೀರೂ ಕುಡೀಬಾರದು ಅನ್ನೋದು ಎಂಥ ರೂಲ್ಸಪ್ಪ? ಹಂಗಾರೆ ಬರ್ಲೇಬಾರ್ದಾಗಿತ್ತು’ ಎಂದು ರೇಗಿ, ಮಜ್ಜಿಗೆ ಚೊಂಬು ತಂದು ಜಗಲಿ ಮೇಲೆ ಇಟ್ಟೇಬಿಟ್ಟಳು. ವಿಡಿಯೋ ಹುಡುಗ ಕ್ಯಾಮೆರಾ ಆಫ್ ಮಾಡಿ ಅಧಿಕಾರಿಯ ಮುಖ ನೋಡಿದ.