ನಡೆಸದೆ ನೋಡುವ ವಿದ್ಯೆ

ವ್ಯಾಕರಣದ ತರಗತಿಯಲ್ಲಿ ಉಪಾಧ್ಯಾಯರು ಕರಿಹಲಗೆಯ ಮೇಲೆ ‘ಹುಣಿಸೆಯ ಮರವನ್ನು ಹತ್ತು’ ಎಂದು ಬರೆದರೆ ಯಾವ ವಿದ್ಯಾರ್ಥಿಯೂ ಎದ್ದು ಮರದ ಕಡೆಗೆ ಓಡುವುದಿಲ್ಲ. ‘ಹತ್ತು’ ಎಂಬುದು ವಿಧ್ಯರ್ಥಕ ಕ್ರಿಯಾಪದ. ‘ಮರವನ್ನು’ ಎಂಬುದು ಕರ್ಮಪದ, ಅದು ದ್ವಿತೀಯಾ ವಿಭಕ್ತಿಯಲ್ಲಿದೆ. ‘ನೀನು’ ಎಂಬ ಕರ್ತೃಪದ ಇಲ್ಲಿ ಲುಪ್ತವಾಗಿದೆ ಎಂದು ವಾಕ್ಯವನ್ನು ಬಿಡಿಸಿ ಹೇಳುತ್ತಾರೆ. ಮರವನ್ನು ಹತ್ತದೆಯೇ ಆ ಆಜ್ಞೆಯ ಅಂಗಾಂಗಗಳೆಲ್ಲ ಗೊತ್ತಾದುವು. ಆಜ್ಞೆಯನ್ನು ಪಾಲಿಸುವುದು ಒಂದು ಕೆಲಸ, ಆಜ್ಞೆಯನ್ನು ಪರೀಕ್ಷಿಸುವುದು ಇನ್ನೊಂದು ಕೆಲಸ. ಮರ ಹತ್ತಿ ಬಿದ್ದ ಮೇಲೆ ‘ಕೊಂಬೆ ಒಣಗಿತ್ತು’ ಎಂದು ತಿಳಿದುಕೊಳ್ಳುವುದಕ್ಕಿಂತ ಮೊದಲೇ ಕೊಂಬೆಯನ್ನು ನೋಡುವುದು ಮೇಲಲ್ಲವೆ?

ಗಣಕಯಂತ್ರಕ್ಕೆ ನಾವು ಕೊಡುವ ಪ್ರೋಗ್ರಾಂ ಕೂಡ ಇಂತಹ ಆಜ್ಞೆಗಳ ಒಂದು ಮಾಲೆ. ಅದನ್ನು ಕನ್ನಡದಲ್ಲಿ ಕ್ರಮವಿಧಿ ಎನ್ನುತ್ತಾರೆ. ಕ್ರಮವಿಧಿ ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ಸಾಮಾನ್ಯವಾಗಿ ಎಲ್ಲರೂ ಅದನ್ನು ಒಮ್ಮೆ ನಡೆಸಿ ನೋಡುತ್ತಾರೆ. ಆದರೆ ಕೆಲವು ಕ್ರಮವಿಧಿಗಳ ವಿಷಯದಲ್ಲಿ ಈ ಉಪಾಯ ಸಾಲದು. ಒಂದು ನಮೂನೆಯಲ್ಲಿರುವ ವಿವರಗಳನ್ನು ಇನ್ನೊಂದು ನಮೂನೆಗೆ ಮಾರ್ಪಡಿಸುವ ಕ್ರಮವಿಧಿಗಳು ಅಂತಹವು. ಇವನ್ನು ರೂಪಾಂತರದ ಕ್ರಮವಿಧಿಗಳು ಎಂದು ಕರೆಯೋಣ.

ರೂಪಾಂತರವೆಂಬುದು ಕೋಲಾರದ ಸೀಮೆಯವರಿಗೆ ಹೊಸದೇನೂ ಅಲ್ಲ. ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ಅನೇಕ ಮಕ್ಕಳು ಮನೆಯಲ್ಲಿ ತೆಲುಗನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡುತ್ತಾರೆ. ಒಂದು ಭಾಷೆಯ ವಾಕ್ಯವನ್ನು ಇನ್ನೊಂದಕ್ಕೆ ದಿನವೂ ತಿರುಗಿಸುತ್ತಾರೆ. ಕನ್ನಡದಲ್ಲಿ ‘ಅವಳು ಬಂದಳು’, ‘ಅದು ಬಂದಿತು’ ಎಂಬಲ್ಲಿ ಕ್ರಿಯಾಪದಗಳು ಬೇರೆಬೇರೆ. ತೆಲುಗಿನಲ್ಲಿ ಎರಡಕ್ಕೂ ‘ವಚ್ಚಿಂದಿ’ ಎಂಬ ಒಂದೇ ರೂಪ. ಏಕವಚನದಲ್ಲಿ ಸ್ತ್ರೀಲಿಂಗಕ್ಕೂ ನಪುಂಸಕಲಿಂಗಕ್ಕೂ ಅಲ್ಲಿ ಕ್ರಿಯಾಪದ ಬದಲಾಗದು. ಆದ್ದರಿಂದ ‘ಬಂದಳು’ ಎಂಬ ಒಂಟಿ ಪದವನ್ನು ತೆಲುಗಿಗೆ ತಿರುಗಿಸಿ, ಅದನ್ನು ಮತ್ತೆ ಕನ್ನಡಕ್ಕೆ ತಂದರೆ ಬಂದದ್ದು ಅಕ್ಕನೋ ಹಸುವೋ ತಿಳಿಯುವುದಿಲ್ಲ. ಇದನ್ನು ಅರಿಯಲು ನಾವು ಸಾವಿರ ವಾಕ್ಯಗಳನ್ನು ಅನುವಾದಿಸಿ ನೋಡಬೇಕಾಗಿಲ್ಲ. ಎರಡು ವ್ಯಾಕರಣಗಳನ್ನು ಎದುರುಬದುರಾಗಿ ಇಟ್ಟು ನಿಯಮಗಳನ್ನು ಓದಿದರೆ ಸಾಕು. ಎರಡು ರೂಪಗಳು ಒಂದಾಗುವ ಕಡೆ ಏನೋ ಕಳೆದುಹೋಗುತ್ತದೆಂದು ನಿಯಮವೇ ಹೇಳುತ್ತದೆ. ನಡೆಸದೆ ನೋಡುವ ವಿದ್ಯೆಯ ತಿರುಳು ಇಷ್ಟೆ.

ಕಳೆದುಹೋಗುವುದು ಒಂದು ಪ್ರತ್ಯಯವಾದರೆ ಚಿಂತೆಯಿಲ್ಲ. ಅದು ಹೊಲವಾದರೆ?

ರೈತನ ಜಮೀನಿನ ವಿವರಗಳನ್ನು ತಿಳಿಸುವ ಪತ್ರಕ್ಕೆ ಪಹಣಿ ಎಂದು ಹೆಸರು. ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಖರಾಬು, ಖಾತೆದಾರರ ಹೆಸರು, ಬೆಳೆ ಮುಂತಾದ ಅಂಕಣಗಳು ಅದರಲ್ಲಿರುತ್ತವೆ. ಹಿಂದೆ ಗ್ರಾಮಲೆಕ್ಕಿಗರು ಇವನ್ನು ಕೈಯಿಂದ ಬರೆದಿಡುತ್ತಿದ್ದರು. 2000ನೆಯ ಇಸವಿಯ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರವು ‘ಭೂಮಿ’ ಎಂಬ ಯೋಜನೆಯಿಂದ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಸುಮಾರು 67 ಲಕ್ಷ ಭೂಮಾಲೀಕರ ಹಕ್ಕು ಆ ದಾಖಲೆಗಳಲ್ಲಿ ಅಡಗಿತ್ತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ತಾಲ್ಲೂಕು ಕಚೇರಿಗಳಲ್ಲಿ ರೈತರು ಹಣ ಕಟ್ಟಿ ಅಚ್ಚಾದ ಪಹಣಿಯನ್ನು ಪಡೆಯುವಂತಾಯಿತು. ದಾಖಲೆ ಒಮ್ಮೆ ಗಣಕಯಂತ್ರವನ್ನು ಸೇರಿದ ಮೇಲೆ ಅದು ಒಂದೇ ರೂಪದಲ್ಲಿ ಕುಳಿತಿರುವುದಿಲ್ಲ. ಬ್ಯಾಂಕಿನ ಸಾಲಕ್ಕೆ ಒಂದು ನಮೂನೆ, ಬೆಳೆವಿಮೆಗೆ ಇನ್ನೊಂದು, ಅಂಕಿಅಂಶಗಳ ಲೆಕ್ಕಕ್ಕೆ ಮತ್ತೊಂದು, ಹೀಗೆ ನಮೂನೆಯಿಂದ ನಮೂನೆಗೆ ತಿರುಗಿಸಬೇಕಾದ ಸಂದರ್ಭಗಳು ಬರುತ್ತಲೇ ಇರುತ್ತವೆ.

ಈಗ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮಾಲೂರು ತಾಲ್ಲೂಕಿನ ರೈತನೊಬ್ಬನಿಗೆ 2 ಎಕರೆ 20 ಗುಂಟೆ ಜಮೀನಿದೆ. ಅದನ್ನು ಪಹಣಿಯಲ್ಲಿ 2.20 ಎಂದು ಬರೆಯುವ ರೂಢಿಯುಂಟು. ಎಕರೆಯನ್ನು ಹೆಕ್ಟೇರಿಗೆ ತಿರುಗಿಸುವ ಕ್ರಮವಿಧಿಯಲ್ಲಿ ‘ವಿಸ್ತೀರ್ಣವನ್ನು 0.4047ರಿಂದ ಗುಣಿಸು’ ಎಂಬ ವಿಧಿಯಿದೆ. ಒಂದು ಎಕರೆ 0.4047 ಹೆಕ್ಟೇರಿಗೆ ಸಮವಾದ್ದರಿಂದ ವಿಧಿ ನೋಡಲು ಸರಿಯಾಗಿಯೇ ಇದೆ. ಪರೀಕ್ಷಿಸುವವರು 1.00, 2.00, 4.00 ಎಂಬ ಮೂರು ಪಹಣಿಗಳನ್ನು ಕೊಟ್ಟು ನಡೆಸಿ ನೋಡುತ್ತಾರೆ. ಉತ್ತರವೂ ಸರಿಯಾಗಿ ಬರುತ್ತದೆ. ಎಲ್ಲರೂ ಸಮಾಧಾನದಿಂದ ಮನೆಗೆ ಹೋಗುತ್ತಾರೆ.

ಆದರೆ 40 ಗುಂಟೆಗೆ ಒಂದು ಎಕರೆ ಎಂಬುದನ್ನು ಆ ಪ್ರದೇಶದ ಎಳೆಯ ಮಕ್ಕಳೂ ಬಲ್ಲರು. 2.20 ಎಂಬುದು ಇಲ್ಲಿ ದಶಾಂಶ ಸಂಖ್ಯೆಯಲ್ಲ, ಎರಡೂವರೆ ಎಕರೆ. ಅದು 1.01 ಹೆಕ್ಟೇರ್ ಆಗಬೇಕು. ಕ್ರಮವಿಧಿಯಾದರೋ 2.20ನ್ನು ನೇರವಾಗಿ ಗುಣಿಸಿ 0.89 ಎಂದು ಬರೆಯುತ್ತದೆ. ಕಡಮೆಯಾದದ್ದು ಎಷ್ಟು? ಲೆಕ್ಕ ಹಾಕಿ ನೋಡಿದರೆ ಸರಿಯಾಗಿ 12 ಗುಂಟೆ. ಗುಂಟೆಯನ್ನು 40ರಿಂದ ಭಾಗಿಸುವ ಬದಲು 100ರಿಂದ ಭಾಗಿಸಿದ್ದರಿಂದ ಪ್ರತಿಯೊಂದು ಗುಂಟೆಯಲ್ಲಿಯೂ ಐದರಲ್ಲಿ ಮೂರು ಪಾಲು ಮಾಯವಾಗುತ್ತದೆ. ಯಾರಿಗೂ ಲಾಭವಿಲ್ಲ, ಗುಂಟೆಗಳಿರುವ ಪ್ರತಿಯೊಬ್ಬನಿಗೂ ನಷ್ಟವೇ. ಪೂರ್ತಿ ಎಕರೆಗಳ ಪಹಣಿಗಳನ್ನೇ ಕೊಟ್ಟು ಹತ್ತು ಸಾವಿರ ಸಲ ನಡೆಸಿದರೂ ಈ ತಪ್ಪು ಮುಖ ತೋರಿಸುವುದಿಲ್ಲ. ವಿಧಿಯನ್ನು ಓದಿದವನಿಗಾದರೆ ಒಂದೇ ಕ್ಷಣದಲ್ಲಿ ಕಾಣುತ್ತದೆ.

ಇನ್ನೊಂದು ವಿಧಿಯನ್ನು ನೋಡೋಣ. ಹಳೆಯ ನಮೂನೆಯಲ್ಲಿ ಒಂದು ಜಮೀನಿಗೆ ಎಷ್ಟು ಮಂದಿ ಖಾತೆದಾರರಾದರೂ ಇರಬಹುದು. ಹೊಸ ನಮೂನೆಯಲ್ಲಿ ಒಂದೇ ಹೆಸರಿಗೆ ಸ್ಥಳವಿದೆ. ಕ್ರಮವಿಧಿಯನ್ನು ಬರೆದವರು ‘ಖಾತೆದಾರರ ಪಟ್ಟಿಯಲ್ಲಿ ಮೊದಲನೆಯ ಹೆಸರನ್ನು ತೆಗೆದುಕೋ’ ಎಂದು ವಿಧಿಸಿದ್ದಾರೆ. ಶ್ರೀನಿವಾಸಪುರದ ಒಂದು ಮಾವಿನ ತೋಟ ಅಣ್ಣ, ತಂಗಿ ಇಬ್ಬರ ಹೆಸರಿನಲ್ಲಿ ಜಂಟಿಯಾಗಿದೆ ಎನ್ನಿ. ರೂಪಾಂತರವಾದ ಮೇಲೆ ಅಣ್ಣನ ಹೆಸರು ಉಳಿಯುತ್ತದೆ. ತಂಗಿಯ ಹೆಸರು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಗಣಕಯಂತ್ರ ಯಾವ ದೂರನ್ನೂ ಹೇಳುವುದಿಲ್ಲ, ಏಕೆಂದರೆ ಅದು ತನಗೆ ಹೇಳಿದ್ದನ್ನು ತಪ್ಪಿಲ್ಲದೆ ಮಾಡಿದೆ. ಯಂತ್ರ ನಿಂತುಹೋಗುವಂತಹ ತಪ್ಪಿಗಿಂತ, ನಗುನಗುತ್ತಾ ಕೆಲಸ ಮುಗಿಸುವ ಇಂತಹ ತಪ್ಪು ಹೆಚ್ಚು ಅಪಾಯಕರವೆಂದು ನನ್ನ ಅಭಿಪ್ರಾಯ.

ಹತ್ತು ವಿಧಿಗಳಿದ್ದರೆ ಮನುಷ್ಯನೇ ಕುಳಿತು ಓದಬಹುದು. ದೊಡ್ಡ ಕ್ರಮವಿಧಿಗಳಲ್ಲಿ ಅವು ನೂರಾರು, ಸಾವಿರಾರು ಇರುತ್ತವೆ. ಓದುವವನ ಕಣ್ಣು ಸೋಲುತ್ತದೆ. ಆಗ ಓದುವ ಕೆಲಸವನ್ನು ಇನ್ನೊಂದು ಕ್ರಮವಿಧಿಗೇ ಒಪ್ಪಿಸುತ್ತಾರೆ. ಈ ಪರೀಕ್ಷಕ ಕ್ರಮವಿಧಿಯು ಮೊದಲನೆಯದನ್ನು ನಡೆಸುವುದಿಲ್ಲ. ನಾವು ವಾಕ್ಯವನ್ನು ಬಿಡಿಸುವಂತೆ ಅದನ್ನು ಬಿಡಿಸುತ್ತದೆ. ಬಿಡಿಸಿದ ಅಂಗಗಳನ್ನು ಒಂದು ವಂಶವೃಕ್ಷದಂತೆ ಜೋಡಿಸುತ್ತದೆ. ಬುಡದಲ್ಲಿ ಇಡೀ ಕ್ರಮವಿಧಿ. ಅದರ ಕೊಂಬೆಗಳು ಒಂದೊಂದು ವಿಧಿ. ಪ್ರತಿ ವಿಧಿಯ ಕೆಳಗೆ ‘ಯಾವ ಅಂಕಣದಿಂದ’, ‘ಯಾವ ಅಂಕಣಕ್ಕೆ’, ‘ಯಾವ ನಿಬಂಧನೆಯ ಮೇಲೆ’, ‘ಏನು ಮಾಡಿ’ ಎಂಬ ರೆಂಬೆಗಳು. ಬರಹವನ್ನು ಹಾಗೆಯೇ ಇಟ್ಟುಕೊಂಡು ‘ವಿಸ್ತೀರ್ಣ’ ಎಂಬ ಪದವನ್ನು ಹುಡುಕಿದರೆ ಸಾಲದೆ ಎಂದು ನೀವು ಕೇಳಬಹುದು. ಸಾಲದು. ಬರೆದವರು ತಮ್ಮ ನೆನಪಿಗಾಗಿ ಬದಿಯಲ್ಲಿ ಗುರುತುಹಾಕಿಕೊಂಡ ಟಿಪ್ಪಣಿಯಲ್ಲಿಯೂ ಆ ಪದ ಇರಬಹುದು; ವಿಧಿಯೊಳಗೂ ಇರಬಹುದು. ಅಕ್ಷರಗಳು ಒಂದೇ, ಸ್ಥಾನ ಬೇರೆ. ವೃಕ್ಷದಲ್ಲಿ ಮಾತ್ರ ಸ್ಥಾನ ತಿಳಿಯುತ್ತದೆ.

ವೃಕ್ಷ ಸಿದ್ಧವಾದ ಮೇಲೆ ಅದಕ್ಕೆ ಪ್ರಶ್ನೆಗಳನ್ನು ಹಾಕಬಹುದು. ಎಕರೆ-ಗುಂಟೆಯ ಅಂಕಣವನ್ನು ಬಿಡಿಸದೆ ನೇರವಾಗಿ ಗುಣಿಸುವ ವಿಧಿ ಎಲ್ಲಿದೆ? ಅನೇಕ ಹೆಸರುಗಳ ಪಟ್ಟಿಯಿಂದ ಒಂದನ್ನೇ ಆರಿಸುವ ವಿಧಿ ಯಾವುದು? ಹಳೆಯ ನಮೂನೆಯ ಯಾವ ಅಂಕಣವನ್ನು ಯಾವ ವಿಧಿಯೂ ಮುಟ್ಟಿಲ್ಲ? ಈ ಕೊನೆಯ ಪ್ರಶ್ನೆ ಬಹು ಉಪಯುಕ್ತವಾದುದು. ಖರಾಬಿನ ಅಂಕಣವನ್ನು ಯಾರೂ ಮುಟ್ಟದಿದ್ದರೆ ಸಾಗುವಳಿಗೆ ಬಾರದ ನೆಲವೂ ಹೊಸ ದಾಖಲೆಯಲ್ಲಿ ಸಾಗುವಳಿಯ ನೆಲವಾಗಿಬಿಡಬಹುದು. ಬರೆದಿರುವುದರ ತಪ್ಪನ್ನು ಕಾಣುವುದು ಸುಲಭ. ಬರೆಯದೆ ಬಿಟ್ಟದ್ದನ್ನು ಕಾಣಬೇಕಾದರೆ ಎರಡು ಪಟ್ಟಿಗಳನ್ನು ತಾಳೆನೋಡಬೇಕು. ಆ ಬೇಸರದ ಕೆಲಸದಲ್ಲಿ ಯಂತ್ರ ಮನುಷ್ಯನನ್ನು ಮೀರಿಸುತ್ತದೆ.

ಕ್ರಮವಿಧಿಯನ್ನೇ ಒಂದು ವಸ್ತುವಿನಂತೆ ಕೈಯಲ್ಲಿ ಹಿಡಿದು ನೋಡುವ ಈ ಭಾವನೆ ಇತ್ತೀಚಿನದಲ್ಲ. ಅಮೆರಿಕದ ಜಾನ್ ಮೆಕಾರ್ಥಿ 1958ರಲ್ಲಿ ರೂಪಿಸತೊಡಗಿದ ‘ಲಿಸ್ಪ್’ ಭಾಷೆಯಲ್ಲಿ ಕ್ರಮವಿಧಿಯೂ ಅದು ಬಳಸುವ ಮಾಹಿತಿಯೂ ಒಂದೇ ಬಗೆಯ ಪಟ್ಟಿಗಳಾಗಿದ್ದುವು. ನಮೂನೆಗಳ ರೂಪಾಂತರಕ್ಕೆಂದೇ ಫ್ರಾನ್ಸಿನ ನಾಂತ್ ನಗರದಲ್ಲಿ ಸಂಶೋಧಕರು ರೂಪಿಸಿದ ಎ.ಟಿ.ಎಲ್. ಎಂಬ ಭಾಷೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅಲ್ಲಿ ರೂಪಾಂತರದ ಕ್ರಮವಿಧಿಯನ್ನೇ ಒಂದು ನಮೂನೆಯನ್ನಾಗಿ ತಿರುಗಿಸಿ, ಉಳಿದ ನಮೂನೆಗಳಂತೆಯೇ ಪ್ರಶ್ನಿಸಬಹುದು. ಅಳತೆಗೋಲನ್ನೇ ಅಳೆದು ನೋಡಿದಂತೆ.

ನಿಯಮಗಳನ್ನು ಕುರಿತು ನಿಯಮ ಮಾಡುವುದರಲ್ಲಿ ನಮ್ಮ ದೇಶದ ವೈಯಾಕರಣರು ಎಲ್ಲರಿಗಿಂತ ಹಿಂದಿನವರು. ಪಾಣಿನಿಯ ‘ಅಷ್ಟಾಧ್ಯಾಯಿ’ಯಲ್ಲಿ ಸುಮಾರು 4,000 ಸೂತ್ರಗಳಿವೆ. ಒಂದೇ ಸ್ಥಳದಲ್ಲಿ ಸಮಬಲದ ಎರಡು ಸೂತ್ರಗಳು ಅನ್ವಯಿಸಿ ಪರಸ್ಪರ ವಿರೋಧ ಬಂದರೆ ಅನಂತರದ ಸೂತ್ರಕ್ಕೆ ಪ್ರಾಬಲ್ಯ ಎಂದು ಅವುಗಳಲ್ಲೇ ಒಂದು ಸೂತ್ರ ತೀರ್ಮಾನಿಸುತ್ತದೆ. ಈ ಸೂತ್ರ ಯಾವ ಪದವನ್ನೂ ಮಾರ್ಪಡಿಸುವುದಿಲ್ಲ. ಅದು ಉಳಿದ ಸೂತ್ರಗಳ ಮೇಲೆ ಕಣ್ಣಿಟ್ಟಿರುತ್ತದೆ. ಒಂದೇ ಪಹಣಿಗೆ ಎರಡು ವಿಧಿಗಳು ಒಟ್ಟಿಗೆ ಅನ್ವಯಿಸುತ್ತವೆಯೆ ಎಂದು ಪರೀಕ್ಷಕ ಕ್ರಮವಿಧಿ ಹುಡುಕುವುದೂ ಇದೇ ಜಾತಿಯ ಕೆಲಸ.

ಇಷ್ಟೆಲ್ಲ ಎಚ್ಚರ ಅಗತ್ಯವೆ ಎಂಬ ಸಂಶಯ ಬಂದರೆ 1996ರ ಜೂನ್ 4ರಂದು ನಡೆದ ಘಟನೆಯನ್ನು ನೆನೆಯಬಹುದು. ಅಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಮೇಲೇರಿದ ಯೂರೋಪಿನ ‘ಏರಿಯಾನ್-5’ ರಾಕೆಟ್ಟು ಸುಮಾರು 40 ಸೆಕೆಂಡುಗಳಲ್ಲಿ ದಾರಿ ತಪ್ಪಿ ಸಿಡಿದುಹೋಯಿತು. ಕಾರಣ, ಒಂದು ಸಣ್ಣ ರೂಪಾಂತರ. 64 ಸ್ಥಾನಗಳಲ್ಲಿ ಇಟ್ಟ ಒಂದು ಸಂಖ್ಯೆಯನ್ನು 16 ಸ್ಥಾನಗಳಿಗೆ ಇಳಿಸುವ ವಿಧಿಯೊಂದಿತ್ತು. 16 ಸ್ಥಾನಗಳಲ್ಲಿ ಹಿಡಿಯುವ ಅತ್ಯಂತ ದೊಡ್ಡ ಸಂಖ್ಯೆ 32,767. ಹಿಂದಿನ ‘ಏರಿಯಾನ್-4’ರಲ್ಲಿ ಅದೇ ವಿಧಿ ತೊಂದರೆಯಿಲ್ಲದೆ ನಡೆದಿತ್ತು, ಅದರ ವೇಗಕ್ಕೆ ಆ ಸ್ಥಳ ಸಾಕಾಗಿತ್ತು. ಹೊಸ ರಾಕೆಟ್ಟಿನ ವೇಗಕ್ಕೆ ಸಾಲದೆ ಹೋಯಿತು. ಹಿಂದೆ ಎಷ್ಟೋ ಸಲ ನಡೆದದ್ದು ಇಂದೂ ನಡೆಯುತ್ತದೆಂಬ ಧೈರ್ಯ ಎಷ್ಟು ತೆಳುವಾದದ್ದೆಂಬುದು ಇದರಿಂದ ತಿಳಿಯುತ್ತದೆ. ಒಂದು ಸಂಖ್ಯೆ ಎಲ್ಲಿಂದ ಎಲ್ಲಿಯವರೆಗೆ ಬೆಳೆಯಬಹುದೆಂದು ಕ್ರಮವಿಧಿಯನ್ನು ನಡೆಸದೆಯೇ ಅಂದಾಜು ಮಾಡುವ ಸಿದ್ಧಾಂತವನ್ನು ಫ್ರಾನ್ಸಿನ ಪ್ಯಾಟ್ರಿಕ್ ಕೂಸೋ ಮತ್ತು ರಾಧಿಯಾ ಕೂಸೋ ದಂಪತಿಗಳು 1977ರಷ್ಟು ಹಿಂದೆಯೇ ಮಂಡಿಸಿದ್ದರು.

ಹಾಗೆಂದು ಈ ವಿದ್ಯೆಗೆ ಎಲ್ಲವೂ ಸಾಧ್ಯವೆಂದು ತಿಳಿಯಬಾರದು. ಯಾವುದೇ ಕ್ರಮವಿಧಿಯನ್ನು ಕೊಟ್ಟರೂ ಅದು ಎಂದಾದರೂ ನಿಲ್ಲುವುದೋ ಇಲ್ಲವೋ ಎಂದು ತಪ್ಪದೆ ಹೇಳುವ ಸಾಮಾನ್ಯ ಉಪಾಯ ಇರಲಾರದೆಂದು ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ 1936ರಲ್ಲಿ ಸಿದ್ಧಪಡಿಸಿದನು. ಗಣಿತದ ಆ ಗಡಿಯನ್ನು ಬಿಟ್ಟರೂ ದಿನಬಳಕೆಯ ಮಿತಿಗಳಿವೆ. ವಿಧಿಗಳೆಲ್ಲ ಸರಿಯಾಗಿದ್ದು, ಪಹಣಿಯಲ್ಲಿಯೇ ಯಾರೋ 2.45 ಎಂದು ಬರೆದಿದ್ದರೆ? 45 ಗುಂಟೆ ಎಂಬುದು ಇರಲಾರದು. ಅದು ಒಂದು ಎಕರೆ 5 ಗುಂಟೆಯಾಗಬೇಕು. ಆದರೆ ವಿಧಿಯನ್ನು ಮಾತ್ರ ಓದುವ ಪರೀಕ್ಷಕನಿಗೆ ಪಹಣಿ ಕಾಣುವುದೇ ಇಲ್ಲ. ಅದಕ್ಕೆ ದಾಖಲೆಗಳನ್ನೇ ಜಾಲಾಡಬೇಕು, ನಡೆಸಿಯೂ ನೋಡಬೇಕು. ಮತ್ತೆ ಕೆಲವು ಸಲ ಪರೀಕ್ಷಕ ತಪ್ಪಿಲ್ಲದ ಕಡೆ ಬೆರಳುಮಾಡುತ್ತದೆ. ಅಂಚೆವಿಳಾಸದ ಪಟ್ಟಿಗೆ ಒಂದೇ ಹೆಸರು ಬೇಕಾಗಿದ್ದು, ಮೊದಲನೆಯ ಖಾತೆದಾರನನ್ನು ಬೇಕೆಂದೇ ಆರಿಸಿರಬಹುದು. ಉದ್ದೇಶ ಯಾವುದೆಂದು ವೃಕ್ಷದಲ್ಲಿ ಬರೆದಿರುವುದಿಲ್ಲ.

ಆದ್ದರಿಂದ ಪರೀಕ್ಷಕನು ಕೊಟ್ಟ ಪಟ್ಟಿಯನ್ನು ಜಮೀನಿನ ವ್ಯವಹಾರ ಬಲ್ಲವರ ಮುಂದೆ ಇಡಬೇಕಾಗುತ್ತದೆ. ಮೊದಲನೆಯ ಸಾಲಿನಲ್ಲಿ ಗುಂಟೆಯ ವಿಧಿ ಇದ್ದರೆ ಅದನ್ನು ಯಾರೂ ಚರ್ಚಿಸಬೇಕಾಗಿಲ್ಲ. ಎಕರೆಯನ್ನೂ ಗುಂಟೆಯನ್ನೂ ಬೇರ್ಪಡಿಸಿ, ಗುಂಟೆಯನ್ನು 40ರಿಂದ ಭಾಗಿಸಿ ಕೂಡಿಸಬೇಕೆಂದು ತಿದ್ದಿದರೆ ಆಯಿತು. ಎರಡನೆಯ ಸಾಲಿನಲ್ಲಿ ಖಾತೆದಾರರ ವಿಧಿ. ಇಲ್ಲಿ ಕೇಳಬೇಕು: ಈ ಹೊಸ ನಮೂನೆಯನ್ನು ಯಾವುದಕ್ಕೆ ಬಳಸುತ್ತೀರಿ? ಕೇವಲ ಅಂಚೆಗಾದರೆ ಹಾಗೆಯೇ ಇರಲಿ. ಹಕ್ಕಿಗಾದರೆ ತಿದ್ದಬೇಕಾದದ್ದು ವಿಧಿಯನ್ನಲ್ಲ, ನಮೂನೆಯನ್ನೇ. ತಂಗಿಯ ಹೆಸರಿಗೂ ಅದರಲ್ಲಿ ಒಂದು ಸ್ಥಳ ಮಾಡಬೇಕು. ಅದು ಮುಗಿದ ಮೇಲೆ, ಮೂಲ ದಾಖಲೆಯ ಒಂದು ಪ್ರತಿಯ ಮೇಲೆ, ಕ್ರಮವಿಧಿಯನ್ನು ಮೊದಲನೆಯ ಸಲ ನಡೆಸಬಹುದು.